ಬೋರ್ಡಪ್ಪನ ಕೈನಡುಕ

ಕೊನೆಯ ಗುಂಡಿ ಕಾಜಕ್ಕೆ ಹೋಗಲೊಲ್ಲದು. ಕುತ್ತಿಗೆಯ ಹತ್ತಿರದ ಗುಂಡಿ, ಅಂಗಿ ಬೇರೆ ಹೊಸದು. “ಸ್ವಲ್ಪ ಗದ್ದ ಎತ್ರೀ,” ಎಂದು ಅವಳು ಅಂದೇಬಿಟ್ಟಳು. ಅಂದ ಮೇಲೆ ನೆನಪಾಯಿತು, ಗದ್ದ ಎತ್ತುವ ಕೆಲಸವನ್ನೆಲ್ಲ ಈ ಮನುಷ್ಯ ನಿನ್ನೆ ಮಧ್ಯಾಹ್ನವೇ ಮುಗಿಸಿಬಿಟ್ಟಿದ್ದಾನೆ ಎಂದು. ಎಂಟು ವರ್ಷದ ರೂಢಿ ಒಂದು ದಿನಕ್ಕೆ ಹೋಗುತ್ತದೆಯೇ? ಗಂಡನಿಗೆ ಕೈನಡುಕ ಬಂದಾಗಿನಿಂದ ಅವನ ಅಂಗಿಗೆ ಗುಂಡಿ ಹಾಕಿದವಳು, ಚೆಲ್ಲದಿರಲಿ ಎಂದು ಲೋಟಕ್ಕೆ ಅರ್ಧವೇ ಚಹಾ ಸುರಿದು ಕೊಟ್ಟವಳು, ಚಪ್ಪಲಿಯ ಪಟ್ಟಿ ಬಿಗಿದವಳು ಅವಳೇ.

ಬೋರ್ಡಪ್ಪ ಎಂಬುದು ಬೀದಿಯವರು ಅವನಿಗೆ ಇಟ್ಟ ಹೆಸರು. ಊರಿನ ಅಂಗಡಿಗಳ ಬೋರ್ಡು, ಲಾರಿಗಳ ಬೆನ್ನು, ಶಾಲೆಯ ಗೇಟು, ದವಾಖಾನೆಯ ‘ಇಲ್ಲಿ ಉಗುಳಬೇಡಿ’, ಎಲ್ಲವೂ ಅವನ ಬ್ರಷ್ಷಿನದೇ. ಪ್ರಿಂಟು ಹಾಕಿದ ಪ್ಲಾಸ್ಟಿಕ್ ಬೋರ್ಡುಗಳು ಬಂದವು, ಎರಡು ಬೇಸಿಗೆಗೆ ಬಿಳಿಚಿಕೊಂಡವು. ಜನ ಮತ್ತೆ ಬೋರ್ಡಪ್ಪನ ಬಾಗಿಲಿಗೇ ಬಂದರು.

“ಆಯ್ತೇನಮ್ಮಾ?” ಬಾಗಿಲಲ್ಲಿ ಭಾವ ನಿಂತಿದ್ದರು. ಸತ್ತವನ ಅಣ್ಣ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ, ಎದುರಿಗೆ ಸಿಕ್ಕವರನ್ನೆಲ್ಲ ಟಿಕೆಟ್ ಎಲ್ಲಿ ಎನ್ನುವಂತೆಯೇ ನೋಡುತ್ತಿದ್ದರು. ಮನಸ್ಸು ಮಾತ್ರ ಬೆಣ್ಣೆ. “ನೋಡಮ್ಮ, ಈಗ ಈ ಮಾತು ಆಡಬಾರದು, ಆದರೆ ಆಡಲೇಬೇಕು. ಮಾಲೀಕರಿಗೆ ಸಾಯಂಕಾಲ ಫೋನ್ ಮಾಡ್ತೀನಿ ಅಂದಿದೀನಿ. ಅಂಗಡಿ, ಮನೆ ಎರಡೂ ಈ ತಿಂಗಳ ಕೊನೆಗೆ ಬಿಟ್ಟುಕೊಡ್ತೀವಿ ಅಂತ ಹೇಳಿಬಿಡ್ಲಾ? ನಮ್ಮನೇಲಿ ಹಿಂದಿನ ಕೋಣೆ ಖಾಲಿ ಇದೆ. ನೀನೂ ಮಗೂನೂ ಬಂದುಬಿಡಿ.”

ಅವಳು ಮತ್ತೆ ಆ ಗುಂಡಿಗೇ ಕೈ ಹಾಕಿದಳು.

“ಇವನೋ, ದೇವರು ನೋಡ್ಕೊಳ್ತಾನೆ, ದೇವರು ನೋಡ್ಕೊಳ್ತಾನೆ ಅಂತಾನೇ ಹೋಗಿಬಿಟ್ಟ,” ಎಂದರು ಭಾವ. “ದೇವರಿಗೆ ಒಪ್ಪಿಸೋ ಮುಂಚೆ ತಾನೂ ಒಂಚೂರು ಯೋಚನೆ ಮಾಡಬಾರದಿತ್ತಾ?”

ಅವಳ ಹೊಟ್ಟೆಯೊಳಗಿನ ಸಿಟ್ಟೂ ಅದೇ. ಅತ್ತು ಅತ್ತು ಕಣ್ಣು ಊದಿದ್ದರೂ ಆ ಸಿಟ್ಟು ಮಾತ್ರ ಕರಗಿರಲಿಲ್ಲ. “ಹೂಂ ಭಾವ, ಹೇಳಿಬಿಡಿ,” ಎಂದಳು.

ಭಾವ ಅತ್ತ ಹೋಗಿದ್ದೇ ತಡ, ಬಾಗಿಲ ಹಿಂದಿನಿಂದ ಮಗಳು ಬಂದಳು. ಶಾಲೆಯ ಕೊನೆಯ ವರ್ಷ, ನಾಲಿಗೆ ಅಪ್ಪನದೇ. “ಅಮ್ಮಾ, ಬೋರ್ಡು ಬರೆಯೋದು ನೀನಲ್ವಾ? ಅಂಗಡಿ ಯಾಕೆ ಬಿಡಬೇಕು?”

“ಶ್! ಮೆತ್ತಗೆ ಮಾತಾಡು. ಅವರು ಪಕ್ಕದಲ್ಲಿ ಕೂತಿರ್ತಿದ್ರು, ನಾನು ಎಳೀತಿದ್ದೆ. ಅವರಿಲ್ಲದೆ ನಾನು ಒಂದಕ್ಷರ ಬರೆದವಳಲ್ಲ. ಮೊದಲನೇ ಬೋರ್ಡಿಗೇ ನಗೆಪಾಟಲಾಗ್ತೀನಿ. ಸುಮ್ನಿರು.”

*

ಎಂಟು ವರ್ಷದ ಹಿಂದೆ ಡಾಕ್ಟರು ಬೋರ್ಡಪ್ಪನ ಎದೆಗೆ ಯಂತ್ರ ಹಚ್ಚಿ ನೋಡಿ, ಹೃದಯ ಬಲಹೀನ, ಎಷ್ಟು ದಿನ ಎಂದು ಹೇಳಲಾಗದು ಎಂದಿದ್ದರು. ಅವನು ಶಿಳ್ಳೆ ಹಾಕುತ್ತಾ ಮನೆಗೆ ಬಂದ. ಅವಳು ನೆಲದ ಮೇಲೆ ಕುಸಿದು ಕೂತಳು.

“ಯಾಕೆ ಹೀಗೆ ಕೂತೆ? ಕೈಬಿಡಲ್ಲ ಅಂತ ದೇವರು ಮಾತು ಕೊಟ್ಟಿದ್ದಾನೆ. ಆತ ಏನು ನಮ್ಮ ಬಡಗಿನಾ, ನಾಳೆ ಬಾ ಅನ್ನೋಕೆ?”

“ದೇವರ ವಿಷಯ ಬಿಡ್ರೀ. ನೀವೇನು ಮಾಡ್ತೀರಾ ಅದು ಹೇಳಿ.”

“ನಾನಾ? ಊಟ ಮಾಡ್ತೀನಿ. ಹಸಿವಾಗಿದೆ,” ಎಂದ ಮಹಾರಾಯ.

ಅದಾಗಿ ಮೂರನೆಯ ದಿನಕ್ಕೆ ಅವನ ಕೈಯಿಂದ ಬ್ರಷ್ಷು ಜಾರಿತು. ಬೆರಳುಗಳು ಗಡಗಡ ನಡುಗುತ್ತಿದ್ದವು. ಹೊಸ ಮಾತ್ರೆಯ ಪರಿಣಾಮವಂತೆ, ಡಾಕ್ಟರೇ ಹೇಳಿದರಂತೆ. ಮರುದಿನ ಕೊಡಬೇಕಿದ್ದ ಬೇಕರಿಯ ಬೋರ್ಡು ಅರ್ಧಕ್ಕೇ ನಿಂತಿತ್ತು. “ನೀನೇ ಎಳಿ,” ಎಂದ. “ನಂಗೆಲ್ಲಿ ಬರುತ್ತೆ?” ಎಂದಳು. “ನನ್ನ ಕೈ ನೋಡು,” ಎಂದು ಎತ್ತಿ ತೋರಿಸಿದ. ಅವಳು ಬ್ರಷ್ಷು ಎತ್ತಿಕೊಂಡಳು. ಒಳಕೋಣೆಯ ಬಾಗಿಲು ಹಾಕಿಕೊಂಡು, ಬೋರ್ಡಿಗೆ ಅಡ್ಡ ಹಿಡಿದ ಕೋಲಿನ ಮೇಲೆ ಮಣಿಕಟ್ಟು ಊರಿ, ಅವನು ಹೇಳಿದ ಕಡೆ ಉಸಿರು ಹಿಡಿದು, ಹೇಳಿದ ಕಡೆ ಬಿಟ್ಟು, ಅವಳು ಜೀವಮಾನದ ಮೊದಲ ಅಕ್ಷರಗಳನ್ನು ಬರೆದಳು. ಮೂರು ಸಲ ಒರೆಸಿ ನಾಲ್ಕನೆಯ ಸಲ ಬರೆದದ್ದು ನೆಟ್ಟಗೆ ಬಂತು.

ಆಮೇಲೆ ಅವಳಿಗೆ ದಿಗಿಲಾಯಿತು. ಕೈ ನಡುಗುವವನ ಅಂಗಡಿಯಿಂದ ಇಂಥ ನೆಟ್ಟನೆಯ ಅಕ್ಷರ ಹೋದರೆ ಬರೆದವರು ಬೇರೆ ಎಂದು ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಗಂಡನ ಮರ್ಯಾದೆ ಏನಾಗಬೇಕು? ಅವನು ಊಟಕ್ಕೆ ಎದ್ದಾಗ ಎಲ್ಲ ಅಕ್ಷರಗಳ ಅಂಚಿಗೂ ಬ್ರಷ್ಷಿನ ತುದಿಯಿಂದ ಸಣ್ಣಗೆ ನಡುಕ ಕೊಟ್ಟಳು.

ಅವನು ಬಂದು ಬೋರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು. ಪಾಪ, ಅಳುತ್ತಿದ್ದಾರೆ ಎಂದುಕೊಂಡು ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ಅಂಗಡಿಯಿಂದ ಹೊರಟ ಒಂದೊಂದು ಬೋರ್ಡೂ ಹೀಗೆ ನಡುಗುತ್ತಲೇ ಹೊರಟಿತು.

*

ಮಧ್ಯಾಹ್ನದ ಹೊತ್ತಿಗೆ ನಡುಮನೆ ತುಂಬಿತ್ತು. ಬೀದಿಯಲ್ಲಿ ಯಾರ ಅಂಗಡಿಯೂ ತೆರೆದಿರಲಿಲ್ಲ. ಕಟಿಂಗ್ ಅಂಗಡಿಯವನು ಗೋಡೆಗೊರಗಿ ಕೂತಿದ್ದ, ಸತ್ತವನ ಜೀವದ ಗೆಳೆಯ. ಬೇಕರಿಯಮ್ಮ ಬಂದವರಿಗೆಲ್ಲ ಬ್ರೆಡ್ಡು, ಚಹಾ ಹಂಚುತ್ತಿದ್ದಳು. ಮಣ್ಣಿಗಿಡುವ ಮುಂಚಿನ ಪ್ರಾರ್ಥನೆ ನಾಲ್ಕು ಗಂಟೆಗೆ.

ಬಡಗಿ ಶವದ ಪೆಟ್ಟಿಗೆಯನ್ನು ಬೆಳಿಗ್ಗೆಯೇ ತಂದಿಟ್ಟು ಹೋಗಿದ್ದ. ಈಗ ಬರಿಯ ಹಲಗೆಯೊಂದನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಸಮಾಧಿಯ ತಲೆಯ ಕಡೆ ನೆಡುವ ಹೆಸರಿನ ಹಲಗೆ.

“ಅಕ್ಕಾ, ತೇಗದ್ದು, ಚೆನ್ನಾಗಿ ನಯ ಮಾಡಿದೀನಿ. ಆದರೆ ಬರೆಸೋದು ಯಾರ ಹತ್ರ?” ಬಡಗಿಯ ಮುಖ ಪೆಚ್ಚಾಗಿತ್ತು. “ಹಲಗೆ ಮುಗೀತು ಅಂದ್ರೆ ನನ್ನ ಕಾಲು ತಾನಾಗೇ ಈ ಅಂಗಡಿಗೆ ಬರುತ್ತೆ. ‘ಬೋರ್ಡಪ್ಪಾ’ ಅಂತ ಕೂಗೋಕೆ ಬಾಯಿ ತೆರೆದ್ಮೇಲೇ ಹೊಳೆದದ್ದು.”

“ಪ್ರಿಂಟ್ ಮಾಡಿಸಿ ಅಂಟಿಸೋಣ ಬಿಡಿ,” ಎಂದರು ಭಾವ. “ಇದ್ದಿದ್ರೂ ಅವನೇನು ನೆಟ್ಟಗೆ ಬರೀತಿದ್ನಾ ಪಾಪ. ಕೈ ನಡುಗೋಕೆ ಶುರುವಾದಾಗಲೇ ಅಂಗಡಿ ಮುಚ್ಚಿ ಬೇರೆ ದಾರಿ ನೋಡ್ಕೋಬೇಕಿತ್ತು.”

“ಯಾರ ಕೈ ನಡುಗ್ತಿತ್ತು?” ಎಂದಳು ಬೇಕರಿಯಮ್ಮ.

“ನನ್ನ ತಮ್ಮನ ಕೈ.”

“ಅಯ್ಯೋ, ಚೆನ್ನಾಗಿದೆ! ಮೊನ್ನೆ ಶನಿವಾರ ನಮ್ಮ ಒಲೆ ಕೋಣೇಲಿ ನಿಂತು ಆರು ಕೇಕಿನ ಮೇಲೆ ಹೆಸರು ಬರೆದುಕೊಟ್ಟು ಹೋದ್ರು. ಕೂದಲೆಳೆಯಷ್ಟು ಸಣ್ಣ ಗೆರೆ! ಪ್ರತಿ ಶನಿವಾರ ಬರ್ತಿದ್ರಲ್ಲ. ನಾನು ಕೊಟ್ಟ ಬಿಸ್ಕತ್ತು ಮನೆಗೆ ತರ್ತಿರಲಿಲ್ವಾ?”

ಕಟಿಂಗ್ ಅಂಗಡಿಯವನು ಜೋರಾಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಬೇಕರಿಯಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿಯಿತು.

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. “ನೀವು ಹೇಳಿ. ಕೈಲಾಗಲ್ಲ ಅಂತ ಶೇವ್‌ಗೆ ನಿಮ್ಮ ಹತ್ರ ಬರ್ತಿದ್ರಲ್ಲ.”

“ಇವತ್ತು ಬೇಡ ಅಕ್ಕಾ…”

“ಇವತ್ತೇ ಬೇಕು. ಅವರ ಮುಖ ನನ್ನೆದುರಿಗೆ ಇರೋವಾಗಲೇ ಹೇಳಿ.”

ಅವನು ಸತ್ತವನ ಕಡೆ ಒಮ್ಮೆ ನೋಡಿದ, ಅಪ್ಪಣೆ ಕೇಳುವವನಂತೆ. “ಅವರು ನನ್ನ ಕೈಲಿ ಶೇವ್ ಮಾಡಿಸ್ಕೊಂಡವರೇ ಅಲ್ಲ. ‘ನಿನ್ನ ಕೈ ನಂಬಲ್ಲಪ್ಪ’ ಅಂತ ಕತ್ತಿ ಇಸ್ಕೊಂಡು ತಾವೇ ಮಾಡ್ಕೊಳ್ತಿದ್ರು. ಎಂಟು ವರ್ಷದಲ್ಲಿ ಒಂದು ಗೀರು ಬಿದ್ದದ್ದು ನೋಡಿದೀರಾ?”

ಅವಳು ಗಂಡನ ಗಲ್ಲವನ್ನು ನೋಡಿದಳು. ನುಣ್ಣಗಿತ್ತು.

“ಎಂಟು ವರ್ಷ!” ಅವಳ ದನಿ ಸೂರಿಗೆ ಮುಟ್ಟಿತು. “ಎಂಟು ವರ್ಷ ಅಂಗಿ ಗುಂಡಿ ಹಾಕಿದೀನಿ ಈ ಮನುಷ್ಯನಿಗೆ! ಚೆಲ್ಲೀತು ಅಂತ ಅರ್ಧ ಲೋಟ ಚಹಾ ಕೊಟ್ಟು, ಪಾಪ, ಇಷ್ಟಕ್ಕೇ ಸಾಕು ಅಂತಾರಲ್ಲ ಅಂತ ಸಂಕಟಪಟ್ಟಿದೀನಿ!”

“ಮಿಕ್ಕರ್ಧ ನನ್ನ ಅಂಗಡೀಲಿ ಕುಡೀತಿದ್ರು ಅಕ್ಕಾ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಭಾವ ಆ ಕಡೆಗೊಮ್ಮೆ ಟಿಕೆಟ್ ಕೇಳುವ ಕಣ್ಣು ಬಿಟ್ಟರು.

“ಯಾಕೆ? ಯಾಕಂತೆ ಈ ನಾಟಕ?”

“ಡಾಕ್ಟರು ಹೇಳಿದ ದಿನ ಸೀದಾ ನನ್ನ ಹತ್ರ ಬಂದು ಕೂತ್ರು. ‘ನನ್ನ ಹೆಂಡ್ತಿ, ಮಗಳನ್ನ ದೇವರು ಕೈಬಿಡಲ್ಲ, ಅದರಲ್ಲಿ ನಂಗೆ ಅನುಮಾನವೇ ಇಲ್ಲ. ಆದರೆ ಯಾರ ಕೈಯಿಂದ ನಡೆಸ್ತಾನೆ ಅಂತ ಹೇಳಿಲ್ಲ ನೋಡು. ನಾನ್ಯಾಕೆ ಹುಡುಕ್ತಾ ದೂರ ಹೋಗ್ಲಿ, ಮನೇಲೇ ಒಂದು ಜೊತೆ ಕೈ ಕೊಟ್ಟಿದ್ದಾನಲ್ಲ’ ಅಂದ್ರು. ‘ಕಲಿಯೇ ಅಂದ್ರೆ ಅವಳು ಕಲಿಯೋಳಲ್ಲ, ನೀವಿದೀರಲ್ಲ ಅಂತಾಳೆ. ಅದಕ್ಕೇ ನಾನು ಇದ್ದೂ ಇಲ್ಲದ ಹಾಗೆ ಆಗಬೇಕು’ ಅಂದ್ರು. ಹೆಂಡ್ತಿ ಹತ್ರ ಸುಳ್ಳಲ್ವಾ ಅಂದೆ. ‘ಅದನ್ನ ಅಲ್ಲಿಗೆ ಹೋದ್ಮೇಲೆ ದೇವರ ಹತ್ರ ನಾನೇ ಮಾತಾಡ್ಕೋತೀನಿ, ನೀನು ಬಾಯಿ ಮುಚ್ಕೊಂಡಿರು’ ಅಂದ್ರು.”

ಎಲ್ಲರೂ ಸತ್ತವನ ಮುಖದ ಕಡೆ ನೋಡಿದರು. ಬೇಕರಿಯಮ್ಮ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದಳು. “ಅಲ್ಲಾ, ಹಾಗಾದ್ರೆ ನಮ್ಮ ಬೋರ್ಡಿನ ಅಕ್ಷರ ನಡುಗಿದೆಯಲ್ಲ, ಅದು? ಕಾಯಿಲೆ ಮನುಷ್ಯ ಅಂತ ನಾವು ಬಾಯಿಬಿಡಲಿಲ್ಲ.”

“ಅದು ನಾನು ನಡುಗಿಸಿದ್ದು!” ಎಂದಳು ಅವಳು. “ಇವರ ಮರ್ಯಾದೆ ಹೋಗಬಾರದು ಅಂತ, ಕೂತು, ಒಂದೊಂದೇ ಅಕ್ಷರ ನಡುಗಿಸಿದ್ದು!”

“ಅದೂ ಅವರಿಗೆ ಗೊತ್ತಿತ್ತು ಅಕ್ಕಾ,” ಎಂದ ಕಟಿಂಗ್ ಅಂಗಡಿಯವನು. ನಗೆ ತಡೆಯಲಾಗದೆ ಅವನ ಕಣ್ಣಲ್ಲಿ ನೀರು ಬಂದಿತ್ತು. “ಮೊದಲನೇ ಬೋರ್ಡಿನ ದಿನ ಓಡಿ ಬಂದು ನನ್ನ ಕುರ್ಚಿ ಮೇಲೆ ಬಿದ್ದು ನಕ್ಕಿದ್ದೇ ನಕ್ಕಿದ್ದು. ‘ನನಗಿಂತ ಅವಳೇ ಚೆನ್ನಾಗಿ ನಡುಗ್ತಾಳೋ’ ಅಂದ್ರು.”

ಅಂದು ಗೋಡೆಯ ಕಡೆ ತಿರುಗಿ ಕುಲುಕುತ್ತಿದ್ದ ಭುಜ! ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳು ಬರುತ್ತಿದೆ ಎಂದು ಎಲ್ಲರೂ ಎದ್ದು ಹತ್ತಿರ ಬಂದರು. ಬಂದದ್ದು ನಗು. ಮೊದಲು ಮಗಳು ಸೇರಿದಳು, ಆಮೇಲೆ ಬಡಗಿ, ಆಮೇಲೆ ಇಡೀ ನಡುಮನೆ. ಭಾವ “ಏನಿದು, ಹೆಣದ ಮುಂದೆ!” ಎಂದು ಗದರಿಸಲು ಬಾಯಿ ತೆರೆದರು. ಗದರಿಕೆ ಅರ್ಧದಲ್ಲೇ ನಗೆಯಾಗಿ, ಅವರು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ನಗು ಇಳಿದ ಮೇಲೆ ಅವಳು ಗಂಡನ ಪಕ್ಕದಲ್ಲಿ ಕೂತು ಅತ್ತಳು. ಬೆಳಿಗ್ಗೆಯ ಅಳುವಿನ ಹಾಗಲ್ಲ ಇದು, ಸಿಟ್ಟೆಲ್ಲ ಹರಿದುಹೋಗುವ ಅಳು. “ಆದರೂ ಇವರು ಪಕ್ಕದಲ್ಲಿರ್ತಿದ್ರು,” ಎಂದಳು ಕೊನೆಗೆ. “ಹೇಳಿಕೊಡ್ತಿದ್ರು.”

“ಈ ಎರಡು ವರ್ಷ ಏನು ಹೇಳಿಕೊಟ್ರು? ನೆನಪು ಮಾಡ್ಕೋ ಅಮ್ಮಾ,” ಎಂದಳು ಮಗಳು.

ಅವಳು ನೆನಪು ಮಾಡಿಕೊಂಡಳು. ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದ. ಸರಿ ಇದೆಯಾ ಎಂದರೆ ತಲೆ ಎತ್ತದೆ ಹೂಂ ಎನ್ನುತ್ತಿದ್ದ. ಒಮ್ಮೆ ಗೊರಕೆ ಹೊಡೆಯುತ್ತಲೇ ಹೂಂ ಎಂದಿದ್ದ. ಹಾಗಾದರೆ ಎರಡು ವರ್ಷ ಬರೆದವಳು, ತಪ್ಪು ಕಂಡವಳು, ತಿದ್ದಿದವಳು?

ಅವಳು ಎದ್ದಳು. “ಆ ಹಲಗೆ ಇಲ್ಲಿ ಕೊಡಿ.”

“ನಾಲ್ಕು ಗಂಟೆಯೊಳಗೆ ಬಣ್ಣ ಒಣಗಲ್ಲಮ್ಮಾ,” ಎಂದರು ಭಾವ.

“ಹಸಿಯಾಗೇ ಹೋಗಲಿ. ನೀವು ಬಂದು ಡಬ್ಬಿ ಹಿಡ್ಕೊಳ್ಳಿ.”

ಒಳಕೋಣೆಗಲ್ಲ, ಬೀದಿಗೆ ತೆರೆದ ಅಂಗಡಿಗೆ ನಡೆದಳು. ಬಾಗಿಲು ಹಾಕಲಿಲ್ಲ. ದಾರಕ್ಕೆ ಸೀಮೆಸುಣ್ಣ ಸವರಿ, ಎರಡು ಕಡೆ ಹಿಡಿದೆಳೆದು ಮಿಡಿದಾಗ ಹಲಗೆಯ ಮೇಲೆ ಗೆರೆ ಬಿತ್ತು. ಇಡೀ ಬೀದಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿತ್ತು. ಮೊದಲ ಅಕ್ಷರದಲ್ಲಿ ಕೈ ರೂಢಿಯಿಂದ ತಾನಾಗಿಯೇ ನಡುಗಿತು. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದಳು. “ನಿಮ್ಮ ನಾಟಕ ಮುಗೀತಲ್ಲ, ನನ್ನದೂ ಮುಗೀತು,” ಎಂದು ಗೊಣಗಿ, ಉಸಿರು ಹಿಡಿದು ಮತ್ತೆ ಎಳೆದಳು. ಅವನ ಹೆಸರು ನೆಟ್ಟಗೆ ಬಂತು, ಕೆಳಗೆ ಎರಡು ತಾರೀಖುಗಳೂ ನೆಟ್ಟಗೆ ಬಂದವು. ಪಕ್ಕದಲ್ಲಿ ಭಾವನ ಕೈಯಲ್ಲಿದ್ದ ಡಬ್ಬಿ ಮಾತ್ರ ಅಲುಗಾಡುತ್ತಿತ್ತು.

*

ಪ್ರಾರ್ಥನೆ ಮುಗಿದು, ಮಣ್ಣು ಮುಚ್ಚಿ, ಬಡಗಿ ಹಲಗೆ ನೆಟ್ಟ. ಹಸಿ ಬಣ್ಣ ತಾಗದಿರಲೆಂದು ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ಭಾವ ಮಾತ್ರ ಮುಂದೆ ಬಗ್ಗಿದರು.

“ಇದೇನಮ್ಮಾ, ಬಲಗಡೆ ಮೂಲೇಲಿ ಸಣ್ಣಗೆ? ನಿನ್ನ ಹೆಸರಾ? ಇದು… ಫೋನ್ ನಂಬರಾ?”

“ಬೋರ್ಡು ಅಂದ್ಮೇಲೆ ಬರೆದವರ ಹೆಸರು, ನಂಬರು ಇರಬೇಕಲ್ಲ ಭಾವ. ನಿಮ್ಮ ತಮ್ಮ ಅದಿಲ್ಲದೆ ಒಂದು ಬೋರ್ಡನ್ನೂ ಹೊರಗೆ ಕಳಿಸಿದವರಲ್ಲ.”

“ಸಮಾಧಿ ಮೇಲೆ?”

“ಇಲ್ಲಿಗೂ ಜನ ಬರ್ತಾರಲ್ಲ.”

ಭಾವ ಅವಳನ್ನು ನೋಡಿದರು, ಹಲಗೆಯನ್ನು ನೋಡಿದರು. ಆಗಲೇ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಂಗಡಿಯ ಮಾಲೀಕರು.

“ಹೂಂ, ನಾನೇ ಮಾಡೋನಿದ್ದೆ… ಇಲ್ಲ ಸ್ವಾಮಿ, ಖಾಲಿ ಮಾಡಲ್ಲ… ಅಂಗಡಿ ನಡೆಯುತ್ತೆ… ಯಾರು ಅಂದ್ರೆ? ಎಂಟು ವರ್ಷದಿಂದ ಯಾರು ನಡೆಸ್ತಿದ್ರೋ ಅವರೇ. ಇನ್ನು ಮೇಲೆ ಏನಿದ್ರೂ ಅವರ ಹತ್ರಾನೇ ಮಾತಾಡಿ. ಪೆನ್ನು ತಗೊಳ್ಳಿ, ನಂಬರ್ ಹೇಳ್ತೀನಿ,” ಎನ್ನುತ್ತಾ ಭಾವ, ಹೊಸ ಮಣ್ಣಿನ ಮೇಲೆ ಮೊಣಕಾಲೂರಿ, ಕನ್ನಡಕ ಮೂಗಿನ ಮೇಲಕ್ಕೇರಿಸಿ, ಹಸಿ ಬಣ್ಣಕ್ಕೆ ಬೆರಳು ತಾಗದ ಹಾಗೆ ತೋರುತ್ತಾ, ಹಲಗೆಯ ಮೂಲೆಯಿಂದ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು.