ಸೆಫೆರಿನೊನ ನಾಲ್ಕನೆಯ ಪೆಟ್ಟಿಗೆ

ಮುಚ್ಚಳದ ಮೂಲೆಗೆ ಮೊದಲ ಮೊಳೆ ಇಟ್ಟು ಬಡಗಿ ಲಿಬೊರಿಯೊ ಸುತ್ತಿಗೆ ಎತ್ತಿದ್ದೇ ತಡ, ಬೆನಿತಾ ಅವನ ಮಣಿಕಟ್ಟು ಹಿಡಿದುಕೊಂಡಳು.

"ತಡಿ ಮಾರಾಯ. ಏನವಸರ?"

"ಅಕ್ಕಾ, ನಿನ್ನೆ ಮಧ್ಯಾಹ್ನ ಹೋದ ಜೀವ. ಬಿಸಿಲು ಹೆಂಗಿದೆ ನೋಡು."

"ನನ್ನ ಗಂಡ ಹೋದ ಅಂತ ಯಾರು ಹೇಳಿದ್ದು?"

"ಊರೇ ಹೇಳ್ತಿದೆ."

"ಊರು ಇದಕ್ಕೆ ಮುಂಚೆ ಮೂರು ಸಲ ಹೇಳಿದೆ. ನೀನೂ ಮೂರು ಪೆಟ್ಟಿಗೆ ಮಾಡಿ ತಂದಿದ್ದೀಯ."

ಲಿಬೊರಿಯೊ ಮೊಳೆಗಳನ್ನೆಲ್ಲ ಬಾಯಿಗೆ ಹಾಕಿಕೊಂಡು ಮುಚ್ಚಳವನ್ನು ಪಕ್ಕಕ್ಕೆ ಸರಿಸಿಟ್ಟ.

ಅವಳ ಮಾತು ಸುಳ್ಳಲ್ಲ. ಸೆಫೆರಿನೊನಿಗೆ ಹಾವು ಕಚ್ಚಿದಾಗ ಮಾಡಿದ ಮೊದಲ ಪೆಟ್ಟಿಗೆಯಲ್ಲಿ ಈಗ ಜೋಳ ತುಂಬಿದೆ. ಎದೆಜ್ವರ ಬಂದಾಗ ಮಾಡಿದ್ದನ್ನು ಪಕ್ಕದ ಮನೆಯವರು ತಮ್ಮ ಅಜ್ಜಿಗೆಂದು ಕೇಳಿ ಒಯ್ದರು. ಅರವತ್ತು ದಾಟಿದ ಮೇಲೆ ಕಿತ್ತಳೆ ಮರದಿಂದ ಬಿದ್ದಾಗ ಮಾಡಿದ ಮೂರನೆಯದರಲ್ಲಿ ಕೋಳಿಗಳು ಕಾವಿಗೆ ಕೂರುತ್ತವೆ. ನಾಲ್ಕನೆಯದಕ್ಕೆ ಲಿಬೊರಿಯೊ ಅಳತೆ ತೆಗೆದುಕೊಳ್ಳಲೂ ಬಂದಿರಲಿಲ್ಲ.

ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮುದುಕಿಯರು ಚುಟ್ಟಾ ಸೇದುತ್ತಿದ್ದರು, ಗಿಣ್ಣಿನ ರೊಟ್ಟಿಯ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು, ಕಬ್ಬಿನ ಸಾರಾಯಿಯೂ ಅದರ ಹಿಂದೆಯೇ ಓಡಾಡುತ್ತಿತ್ತು. ಅಳಬೇಕೆಂದು ಬಂದವರೂ ಸೆಫೆರಿನೊನ ಮಾತೆತ್ತಿದರೆ ನಗುತ್ತಿದ್ದರು. ಅವನ ಎದೆಯಲ್ಲೊಂದು, ಬೆನ್ನಲ್ಲೊಂದು ಗುಳಿ ಇದ್ದವು. ಯುದ್ಧದಲ್ಲಿ ಭರ್ಜಿ ಒಳಗೆ ಹೊಕ್ಕು ಹೊರಗೆ ಬಂದ ಗುರುತು. ಮಕ್ಕಳು ಎದೆಯ ಗುಳಿಗೆ ಬೆರಳಿಟ್ಟರೆ ಸಾಕು, "ಅಯ್ಯಯ್ಯೋ ಸತ್ತೆ!" ಎಂದು ದೊಪ್ಪನೆ ಬೀಳುತ್ತಿದ್ದ. ಈ ಊರಿನಲ್ಲಿ ಅವನನ್ನು ಹಾಗೆ ಕೊಲ್ಲದೆ ಬೆಳೆದ ಮಗುವೇ ಇಲ್ಲ.

"ಅಮ್ಮಾ, ಪಾದ್ರಿಗಳು ಸ್ಮಶಾನದಲ್ಲಿ ಕಾಯ್ತಿದ್ದಾರೆ," ಎಂದಳು ಮಗಳು ಕಾಂದೆ. "ಎಲ್ಲರ ಎದುರಿಗೆ ಮರ್ಯಾದೆ ತೆಗೀಬೇಡ."

"ಕಾಯ್ಲಿ. ಹೋಗಿ ದೆಲ್ಫಿನ್‌ನ ಕರೀ. ಹಾರ್ಪ್ ತರ್ಲಿ."

"ಈಗಲಾ?"

"ಪೋಲ್ಕಾ ಹಾಡು ಕೇಳಿದ್ರೆ ನಿಮ್ಮಪ್ಪನ ಕಾಲು ಯಾವತ್ತಾದ್ರೂ ಸುಮ್ಮನಿದ್ದಿದ್ದು ಉಂಟಾ? ಪೂಜೆ ಹೊತ್ತಲ್ಲೇ ಕುಣೀತಿತ್ತು."

ದೆಲ್ಫಿನ್ ಬಂದ. ಊರಿನಲ್ಲೇ ದಪ್ಪನೆಯ ಆಳು, ಆ ದೊಡ್ಡ ತಂತಿವಾದ್ಯವನ್ನು ಮಗುವಿನಂತೆ ಹೆಗಲಿಗೊರಗಿಸಿಕೊಂಡು ನುಡಿಸತೊಡಗಿದ. ಅಂಗಳಕ್ಕೆ ಅಂಗಳವೇ ಸತ್ತವನ ಕಾಲಿನ ಹೆಬ್ಬೆರಳನ್ನು ದಿಟ್ಟಿಸುತ್ತಾ ಕುಳಿತಿತು. ಎರಡನೆಯ ಹಾಡಿಗೆ ಹುಡುಗಿಯರಿಬ್ಬರು ಕುಣಿಯಲು ಎದ್ದರು. ಯಾರೂ ಗದರಲಿಲ್ಲ. ಸುತ್ತ ಇದ್ದ ಬರಿಗಾಲುಗಳೆಲ್ಲ ತಾಳ ಹಾಕುತ್ತಿದ್ದವು, ಪೆಟ್ಟಿಗೆಯೊಳಗಿನ ಎರಡು ಮಾತ್ರ ಮಿಸುಕಲಿಲ್ಲ.

"ಬೇರೆ ನುಡಿಸು," ಎಂದಳು ಬೆನಿತಾ. "ಇದು ಅವನಿಗೆ ಸೇರಲ್ಲ."

ದೆಲ್ಫಿನ್ ಬೆವರು ಒರೆಸಿಕೊಂಡು ಮೂರನೆಯದನ್ನೂ ನಾಲ್ಕನೆಯದನ್ನೂ ನುಡಿಸಿದ.

"ಮುನಿಸ್ಕೊಂಡಿದ್ದಾನೆ," ಎಂದಳು ಬೆನಿತಾ. ಆದರೆ ಅವಳ ದನಿ ಇಳಿದಿತ್ತು.

* * *

ನಲವತ್ತನಾಲ್ಕು ವರ್ಷಗಳ ಹಿಂದೆ, ನಮ್ಮ ಪರಾಗ್ವೆ ಮೂರು ದೇಶಗಳ ಜೊತೆ ಕಾದುತ್ತಿದ್ದಾಗ, ಹದಿನೇಳರ ಬೆನಿತಾ ದಂಡಿನ ಹಿಂದೆ ಹೋದ ಹೆಂಗಸರಲ್ಲಿ ಒಬ್ಬಳು. ಚೌಗು ನೆಲದ ಕಾಳಗ ಮುಗಿದ ಮರುದಿನ ಬೆಳಿಗ್ಗೆ ಮೂಳೆ ಕೊರೆಯುವ ಚಳಿ. ಬದುಕಿದವರು ನಡುಗುತ್ತಿದ್ದಾರೆ, ಸತ್ತವರ ಕಂಬಳಿಗಳನ್ನು ಬಿಡಿಸಿ ತನ್ನಿ ಎಂದು ಹೆಂಗಸರಿಗೆ ಅಪ್ಪಣೆಯಾಯಿತು.

ಬೆನಿತಾ ಆರು ಕಂಬಳಿ ಎಳೆದಳು, ಆರೂ ಬಂದವು. ಏಳನೆಯವನ ಎದೆಯಲ್ಲಿ ಮುರಿದ ಭರ್ಜಿ ನಿಂತೇ ಇತ್ತು. ಅವನ ಕಂಬಳಿ ಎಳೆದಳು. ಬರಲಿಲ್ಲ. ಕಾಲು ಕೊಟ್ಟು ಎಳೆದಳು.

"ಬಿಡೋ," ಎಂದಳು ಸಿಟ್ಟಿನಿಂದ. "ನಿನಗಿನ್ನೆಲ್ಲಿಯ ಚಳಿ?"

"ಇದೆ," ಎಂದಿತು ಹೆಣ.

ಭರ್ಜಿ ಕಿತ್ತ ದಂಡಿನ ವೈದ್ಯ, ಹೊತ್ತು ಮುಳುಗುವುದರೊಳಗೆ ಹೋಗುತ್ತಾನೆ, ಇವನಿಗೆ ಬಟ್ಟೆ ದಂಡ ಎಂದ. ಬೆನಿತಾ ತನ್ನ ಲಂಗವನ್ನೇ ಹರಿದು ಕಟ್ಟಿದಳು, ಗಾಯಕ್ಕೆ ಸಾರಾಯಿ ಸುರಿದಳು. ಅವನು ಆ ಸಂಜೆ ಹೋಗಲಿಲ್ಲ, ಮರುಸಂಜೆಯೂ ಹೋಗಲಿಲ್ಲ. ಹದಿನೈದನೆಯ ದಿನ ಬೇಯಿಸಿದ ಮರಗೆಣಸು ಕೇಳಿದ. ಯುದ್ಧ ಮುಗಿದು ಊರಿಗೆ ಬಂದಾಗ ಇಲ್ಲಿ ಗಂಡಸರೆಂದರೆ ಇಬ್ಬರು ಮುದುಕರು, ಒಬ್ಬ ಕುರುಡ. ಹೆಂಗಸರೆಲ್ಲ ಸೆಫೆರಿನೊನನ್ನು ನೋಡಲು ಸಾಲುಗಟ್ಟಿ ಬಂದರು. ಬೆನಿತಾ ಮಾರನೆಯ ದಿನವೇ ಮದುವೆ ಮಾಡಿಕೊಂಡಳು.

* * *

ಪಬ್ಲಾ ಚುಟ್ಟಾ ಕಚ್ಚಿಕೊಂಡು ಪೆಟ್ಟಿಗೆಯ ಬಳಿ ಬಂದಳು. ಆ ಬೆಳಿಗ್ಗೆ ಬೆನಿತಾಳ ಜೊತೆಗಿದ್ದವರಲ್ಲಿ ಈಗ ಉಳಿದಿರುವುದು ಅವಳೊಬ್ಬಳೇ.

"ಲೇ, ಸಾಕು ಮಾಡೇ. ನೀನೇನು ಕೂಸಾ? ಅವನು ಸತ್ತಿದ್ದು ನಿನಗೆ ಗೊತ್ತಿಲ್ವಾ?"

"ನನ್ನ ಕಣ್ಣನ್ನ ನಾನು ನಂಬಲ್ಲ ಪಬ್ಲಾ," ಬೆನಿತಾ ಮೆಲ್ಲಗೆ ಹೇಳಿದಳು. "ಅವತ್ತು ಇವನೂ ಸತ್ತಿದ್ದಾನೆ ಅಂತಾನೇ ನೋಡಿದ್ದೆ. ಗಟ್ಟಿ ಹಿಡ್ಕೊಂಡ, ಉಳ್ಕೊಂಡ. ಇವನಿಗಿಂತ ಮುಂಚೆ ಆರು ಜನ ಇದ್ರಲ್ಲ... ಅವರ ಮುಖ ನಾನು ನೋಡ್ಲೇ ಇಲ್ಲ. ಎಳೆದೆ, ಬಂತು, ತಗೊಂಡೆ. ಅವರಿಗೆ ಹಿಡ್ಕೊಳ್ಳೋಕೆ ಬಲ ಇರ್ಲಿಲ್ವೋ ಏನೋ. ಉಸಿರಿತ್ತೋ ಏನೋ."

ಪಬ್ಲಾ ಬಾಯಿಂದ ಚುಟ್ಟಾ ತೆಗೆದಳು.

"ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು ಕೂತಿದ್ಯಾ, ದಡ್ಡಿ? ಅವತ್ತು ನಿನ್ನ ಹಿಂದೆ ಹಿಂದೆ ಬರ್ತಿದ್ದೋಳು ಯಾರು?"

"ನೀನು."

"ಯಾಕೆ ಬರ್ತಿದ್ದೆ? ನನ್ನಣ್ಣನ್ನ ಹುಡುಕ್ತಿದ್ದೆ ಕಣೇ. ಒಬ್ಬೊಬ್ಬನ ಮುಖಾನೂ ತಿರುಗಿಸಿ ನೋಡಿದೀನಿ. ಒಬ್ಬೊಬ್ಬನ ಮೂಗಿಗೂ ಈ ಕೆನ್ನೆ ಹಿಡಿದಿದೀನಿ. ಆರು ಜನರ ಕಣ್ಣನ್ನೂ ನಾನೇ ಮುಚ್ಚಿದ್ದು. ತಣ್ಣಗೆ ಕಲ್ಲಾಗಿದ್ರು, ಒಬ್ಬನೂ ಬಿಡದ ಹಾಗೆ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಸಿಗದೇ ಹೋದ ನನ್ನಣ್ಣನ ಆಣೆ."

ಬೆನಿತಾ ಅವಳ ಕೈಯನ್ನೊಮ್ಮೆ ಅದುಮಿದಳು. ಆಮೇಲೆ ಬಗ್ಗಿ ಗಂಡನ ಮೂಗಿನ ಹತ್ತಿರ ಕೆನ್ನೆ ತಂದು ಹಾಗೆಯೇ ಇದ್ದಳು. ಹಾರ್ಪ್ ನಿಂತಿತು. ಕೋಳಿಯೊಂದು ಬುಟ್ಟಿಯ ರೊಟ್ಟಿಗೆ ಬಾಯಿ ಹಾಕಿದರೂ ಯಾರೂ ಓಡಿಸಲಿಲ್ಲ.

ಎದ್ದು ನಿಂತಾಗ ಅವಳ ಮುಖ ಒದ್ದೆಯಾಗಿತ್ತು, ಹಗುರವೂ ಆಗಿತ್ತು. ದುಃಖವಿತ್ತು, ತುಂಬಾ ಇತ್ತು. ಆದರೆ ಈಗ ಅದು ಒಬ್ಬನಿಗಾಗಿ ಮಾತ್ರ.

"ಮುಚ್ಚಿ ಹೊಡಿ ಲಿಬೊರಿಯೊ."

ಲಿಬೊರಿಯೊ ಮೊಳೆಗಳನ್ನು ಅಂಗೈಗೆ ಉಗಿದ. "ಎಷ್ಟು ಹೊಡೀಲಿ ಅಕ್ಕಾ?"

"ಎಲ್ಲಾ ಹೊಡಿ."

ಪೆಟ್ಟಿಗೆಯನ್ನು ಎತ್ತಿನ ಗಾಡಿಗೇರಿಸಿದರು. ದಾರಿಯುದ್ದಕ್ಕೂ ನುಡಿಸಬೇಕೆಂದು ಬೆನಿತಾ ಹೇಳಿದ್ದರಿಂದ ಹಾರ್ಪನ್ನೂ ಏರಿಸಿದರು. ಆಮೇಲೆ ದೆಲ್ಫಿನ್ ಹತ್ತಿದ. ಗಾಡಿಯಲ್ಲಿ ಅವನ ಗಾತ್ರಕ್ಕೆ ಬೇರೆ ಜಾಗವಿರಲಿಲ್ಲ. ಅತ್ತಿತ್ತ ನೋಡಿ, ಶಿಲುಬೆಯ ಗುರುತು ಮಾಡಿಕೊಂಡು, ಪೆಟ್ಟಿಗೆಯ ಮೇಲೆಯೇ ಕೂತ.

"ಅಯ್ಯೋ, ನಮ್ಮಪ್ಪನ ಮೇಲೆ ಕೂತ್ಯಲ್ಲೋ, ಇಳಿಯೋ!" ಕಾಂದೆ ಕೂಗಿಕೊಂಡಳು.

"ಇರ್ಲಿ ಬಿಡೇ," ಎಂದಳು ಬೆನಿತಾ. "ದೆಲ್ಫಿನ್, ಚೆನ್ನಾಗಿ ಊರಿ ಕೂತ್ಕೋ. ಎದ್ದುಗಿದ್ದಾನು."

ನಗು ಅಂಗಳದಿಂದ ಬೀದಿಯವರೆಗೂ ಹೋಯಿತು. ಗಾಡಿ ಕೆಂಪು ದಾರಿಗಿಳಿಯಿತು. ಚಕ್ರ ಕೊರಕಲಿಗೆ ಬಿದ್ದಾಗಲೆಲ್ಲ ದೆಲ್ಫಿನ್ ಪೆಟ್ಟಿಗೆಯ ಮೇಲೆ ಗೇಣುದ್ದ ಹಾರಿ ಕೂರುತ್ತಿದ್ದ, ಪೋಲ್ಕಾದಲ್ಲಿ ಒಂದು ಸ್ವರ ತಪ್ಪುತ್ತಿತ್ತು. ಹಿಂದೆ ಬೆನಿತಾ, ಪಬ್ಲಾ, ಇಬ್ಬರು ಮುದುಕಿಯರೂ ಒಂದೇ ಚುಟ್ಟಾವನ್ನು ಕೈ ಬದಲಿಸುತ್ತಾ, ಬರಿಗಾಲಲ್ಲಿ ತಾಳ ತಪ್ಪದೆ ನಡೆದರು.