ಅಪ್ಪನ ಮೈಗೆ ಗೌಡರ ಬೇನೆ

"ನಿನ್ನ ಹೆಣಾ ಎತ್ತಲಿ ಸೂಳೆಮಗನ, ದಾರ್ಯಾಗಿನ ಕಲ್ಲೆಲ್ಲಾ ಹುಡುಕಿ ಹುಡುಕಿ ಗಾಲಿ ಹತ್ತಸ್ತೀ ಏನಲೇ?"

ಬಂಡಿಯಲ್ಲಿ ದಪ್ಪ ಗಾದಿ ಹಾಸಿದ್ದರೂ ಭಗವಂತರಾಯ ಗೌಡರಿಗೆ ಕೂರಲಾಗುತ್ತಿರಲಿಲ್ಲ. ಒಂದು ತೊಡೆ ಎತ್ತುವರು, ಇನ್ನೊಂದು ಎತ್ತುವರು, ಕೊನೆಗೆ ಮೊಟ್ಟೆಗೆ ಕೂತ ಕೋಳಿಯಂತೆ ಅರ್ಧ ಏಳುವರು. ಅವರು ಕೂತ ಬಂಡಿಯನ್ನು ನಮ್ಮ ಕೇರಿಯವರು ಏರುವಂತಿರಲಿಲ್ಲ. ಅವರ ಜೀತದಾಳಾದ ನನ್ನಪ್ಪ ಅಂಬ್ರಪ್ಪ ನೊಗದ ಪಕ್ಕ ನಡೆಯುತ್ತಿದ್ದ. ಶಹಾಪುರದಲ್ಲಿ ಎತ್ತು ಹಿಡಿಯಲೆಂದು ಅವನ ಮಗಳಾದ ನನ್ನನ್ನೂ ಕರೆತಂದಿದ್ದರು. ನಿಜಾಮ ಹೋಗಿ ಎರಡು ವರ್ಷವಾಗಿತ್ತು. ಗೌಡರು ಹೋಗಿರಲಿಲ್ಲ.

ದಾರಿಯುದ್ದಕ್ಕೂ ಬಂಡಿ ನಿಲ್ಲುತ್ತಿತ್ತು. ಗೌಡರು ಬಂಡಿಯ ಹಿಂಬದಿಗೆ ಮೊಣಕಾಲೂರುವರು, ನಾನು ಜಾಲಿಗಿಡದ ಕಡೆ ಮುಖ ತಿರುಗಿಸುವೆ. ಬಹಳ ಹೊತ್ತು ಹಲ್ಲು ಕಡಿಯುವ ಸದ್ದು. ಆಮೇಲೆ ನಾಲ್ಕು ಹನಿ.

ದವಾಖಾನೆಯ ಮುಂದೆ ಜನರ ಸಾಲಿತ್ತು. ಗೌಡರು ಅಪ್ಪನನ್ನು ಹತ್ತಿರ ಕರೆದರು.

"ಒಳಗ ಹೋಗಿ ಬ್ಯಾನಿ ನಿನಗಽ ಅದ ಅಂತ ಹೇಳು. ನನ್ನ ಹೆಸರು ಬಂತೋ, ನಾಲಗಿ ಕೀಳ್ತೀನಿ. ಗೌಡಗ ಆ ಜಾಗಕ್ಕ ರೋಗ ಬಂದದಂತ ಊರು ನಗಬೇಕೇನು?"

"ನನಗ ಬಂದ್ರ ನಗಂಗಿಲ್ಲೇನ್ರಿ?"

"ನಿನ್ನ ಯಾರ್ ಕೇಳ್ತಾರಲೇ?"

ನಮ್ಮ ಗುಡಿಸಲು ಇದ್ದದ್ದು ಗೌಡರ ಹೊಲದ ಬದುವಿನಲ್ಲಿ. ಅಪ್ಪ ಒಳಗೆ ಹೋದ. ನಾನು ಎತ್ತು ಹಿಡಿದು ಕಿಟಕಿಯ ಹತ್ತಿರ ನಿಂತೆ.

"ಏನಾಗೇದ?" ಹೊಸದಾಗಿ ಬಂದ ಡಾಕ್ಟರು ಕೇಳಿದರು.

"ಉಚ್ಚಿ ಹೊಯ್ಯಾಗ ಮೆಣಸಿನಕಾಯಿ ಹಚ್ಚಿದಂಗ ಉರೀತದ್ರಿ. ಗಳಿಗಿಗೊಮ್ಮಿ ಅವಸರ ಆಗ್ತದ, ಹ್ವಾದ್ರ ಹನಿಹನಿ."

"ಜ್ವರ?"

"ತಡೀರಿ, ಕೇಳ್ಕೊಂಡು ಬರ್ತೀನಿ."

ಅಪ್ಪ ಹೊರಗೆ ಬಂದ. ಗೌಡರು ಗಾದಿಯಲ್ಲಿ ಮುಖ ಹುದುಗಿಸಿ ಏನೋ ಅಂದರು. ಅಪ್ಪ ಒಳಗೆ ಹೋದ.

"ಚಳಿ ಹತ್ತಿ ಜ್ವರ ಬರ್ತದಂತ್ರಿ."

"ನೋವು ಎಲ್ಲಿ?"

ಮತ್ತೆ ಹೊರಗೆ. ಮತ್ತೆ ಒಳಗೆ.

"ಟೊಂಕದಾಗ, ಹೊಟ್ಟಿ ಕೆಳಗ, ಮತ್ತ ಕುಂಡ್ರೋ ಜಾಗದಾಗ. ಮುಳ್ಳಿನ ಮ್ಯಾಲೆ ಕುಂತಂಗ."

"ನಿನ್ನ ನೋವು ಹೊರಗ ಯಾರಿಗೆ ಕೇಳಾಕ ಹೋಗ್ತಿಯಪಾ?"

ಸಾಲಿನಲ್ಲಿದ್ದವರು ನಕ್ಕರು. ಡಾಕ್ಟರು ಕೈ ತೊಳೆಯತೊಡಗಿದರು.

"ಗಂಡಸರಿಗೆ ಉಚ್ಚಿಚೀಲದ ಬುಡಕ ಒಂದು ಗ್ರಂಥಿ ಇರ್ತದ, ದೊಡ್ಡ ಅಡಕಿಯಷ್ಟು. ಅದು ಬಾತಂಗ ಕಾಣ್ತದ. ತಡಾ ಮಾಡಿದ್ರ ಉಚ್ಚಿ ಕಟ್ಟಿ ಜೀವಕ್ಕ ಬರ್ತದ. ಹಿಂದಿನಿಂದ ಬೆರಳು ಹಾಕಿ ನೋಡಬೇಕು. ಧೋತರ ಬಿಚ್ಚಿ ಬಗ್ಗು."

ಅಪ್ಪನ ಕೈ ಧೋತರದ ಗಂಟಿಗೆ ಹೋಯಿತು. ಅಲ್ಲೇ ನಿಂತಿತು. ಕಿಟಕಿಯತ್ತ ನೋಡಿದ. ನಾನು ನೆಲ ನೋಡಿದೆ.

"ಬ್ಯಾನಿ ಯಾರಿಗದನೋ ಅವರಿಗಽ ಬೆರಳು ಹಾಕಬೇಕೇನ್ರಿ?"

"ಮತ್ತ ಇನ್ನೊಬ್ಬರಿಗೆ ಹಾಕಿದ್ರ ಏನ್ ತಿಳೀತದ?"

"ಹಂಗಾದ್ರ ತಡೀರಿ. ಈ ಸಲ ಕೇಳ್ಕೊಂಡು ಬರಂಗಿಲ್ಲ, ಕರ್ಕೊಂಡು ಬರ್ತೀನಿ."

ಅಪ್ಪ ಬಂಡಿಯ ಮುಂದೆ ನಿಂತು, ಹೊಲದ ಆ ತುದಿಯವರನ್ನು ಕೂಗುವ ದನಿಯಲ್ಲಿ ಹೇಳಿದ: "ಇಳೀರಿ ಗೌಡ್ರ. ಇದಕ್ಕ ನನ್ನ ಕುಂಡಿ ನಡಿಯಂಗಿಲ್ಲಂತ."

ಸಾಲು ಪೂರ್ತಿ ಇತ್ತ ತಿರುಗಿತು.

"ಕೊಲ್ತೀನಿ ನಿನ್ನ, ಹಲ್ಕಟ್ ಮಗನ."

"ಕೊಲ್ಲಾಕರ ಇಳೀಬೇಕಲ್ರಿ."

ಗೌಡರು ಒಂದು ಕಾಲು ಕೆಳಗೆ ಬಿಟ್ಟರು. ಜ್ವರಕ್ಕೆ ಕಾಲು ಗಡಗಡ ನಡುಗಿತು. ಕಾಲು ನೆಲಕ್ಕೆ ತಾಗಲಿಲ್ಲ, ಮೇಲಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ. "ಹಿಡೀಲೇ," ಅಂದರು.

ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ. "ಮೈಲಿಗಿ ಆಗ್ತದ್ರಿ. ಮುಟ್ಟು ಅಂತ ಬಾಯಿಬಿಟ್ಟು ಹೇಳಿದ್ರ ಮುಟ್ಟತೀನಿ."

ಗೌಡರು ಸಾಲಿನ ಕಡೆ ನೋಡಿದರು. ತುಟಿ ಅಲುಗಿತು.

"ಕೇಳಸಲಿಲ್ರಿ."

"ಮುಟ್ಟೋ ಮಾರಾಯಾ," ಎಂದರು ಗೌಡರು, ಅಳು ಬೆರೆತ ದನಿಯಲ್ಲಿ.

ಅಪ್ಪ ನನ್ನ ಕಡೆ ತಿರುಗಿದ. "ಕರೆವ್ವಾ, ನಿನಗ ಕೇಳಿಸ್ತೇನವಾ?"

ನಾಲ್ಕು ಜನರ ಎದುರು ನಾನು ಎಂದೂ ಬಾಯಿ ಬಿಟ್ಟವಳಲ್ಲ. ಎತ್ತಿನ ಹಗ್ಗ ಗಟ್ಟಿಯಾಗಿ ಹಿಡಿದುಕೊಂಡೆ.

"ಇಲ್ಲಪಾ," ಎಂದೆ.