ಮುಳುಗಡೆ ಗುರುತು

‘ಈ ಸಲಾ ಆದ್ರೂ ತಲಿ ಎತ್ತಿ ಹುಡುಗೀನ ನೋಡಪಾ’ ಎಂದು ಧೂಳಪ್ಪ ಜೀಪಿನ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗದೆಯೇ ಹೇಳಿದ. ‘ನೆಲಾ ನೋಡಾಕ ಬಾಗೇವಾಡಿತನಕ ಯಾಕ ಹೋಗಬೇಕು? ನೆಲಾ ಸಿಂದಗ್ಯಾಗೂ ಐತಿ.’

ಡ್ರೈವರ್ ನಬಿಲಾಲ ನಕ್ಕ. ನಗುವಾಗ ಅವನ ಕಣ್ಣು ತಲೆಯ ಮೇಲಿನ ಕನ್ನಡಿಯಲ್ಲಿ ಹಾದು ಹಿಂದೆ ಕೂತ ಯಲ್ಲಾಲಿಂಗನನ್ನು ಮುಟ್ಟಿ ಹೋಯಿತು. ಯಲ್ಲಾಲಿಂಗ ಅದನ್ನು ಮನಸ್ಸಿನಲ್ಲೇ ಬೇರೆ ತೆಗೆದಿಟ್ಟ. ಕನ್ನಡಿಯ ಮೂಲಕ ಬಂದ ನೋಟ, ಪರಿಹಾಸದ್ದು. ತಾನು ಅಭ್ಯಾಸ ಮಾಡುತ್ತಿದ್ದ ಕಾದಂಬರಿಯಲ್ಲಿ ಇಂಥದು ಅಪರೂಪ.

‘ಮಾತಾಡೋ’ ಎಂದ ಸೋದರಮಾವ ಧೂಳಪ್ಪ.

‘ನೋಡ್ತೇನಿ ಬಿಡ ಮಾವಾ.’

ಅವನು ಸಿಂದಗಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಇನ್ನೂರು ವರ್ಷ ಹಳೆಯ ಒಂದು ಇಂಗ್ಲಿಷ್ ನಗೆಕಾದಂಬರಿಯಲ್ಲಿ ಯಾರು ಯಾರನ್ನು ಹೇಗೆ ನೋಡುತ್ತಾರೆ, ಆ ನೋಟಕ್ಕೆ ಲೇಖಕಿ ಯಾವ ಶಬ್ದ ಇಡುತ್ತಾಳೆ ಎಂಬುದರ ಮೇಲೆ ಪಿಎಚ್.ಡಿ. ಬರೆಯುತ್ತಿದ್ದ. ಆ ಪುಸ್ತಕದಲ್ಲಿ ಯುದ್ಧವಿಲ್ಲ, ಕೊಲೆಯಿಲ್ಲ. ಜನ ದೊಡ್ಡ ದೊಡ್ಡ ಹಜಾರಗಳಲ್ಲಿ ಕೂತು ಒಬ್ಬರನ್ನೊಬ್ಬರು ನೋಡುತ್ತಾರೆ, ಅಷ್ಟೆ. ಮೊದಲ ಪುಟದಿಂದಲೇ ನೋಡುತ್ತಾರೆ, ಕೊನೆಯ ತನಕ ಕಾಣುವುದಿಲ್ಲ. ಕಂಡ ದಿನ ಎಲ್ಲರೂ ನಗುತ್ತಾರೆ. ಮದುವೆಯಾಗುತ್ತದೆ.

ಅವನು ಎಲ್ಲವನ್ನೂ ವಿಂಗಡಿಸಿದ್ದ. ಓರೆನೋಟ, ಕದ್ದ ನೋಟ, ದಿಟ್ಟಿಸುವುದು, ಕಣ್ಣು ಹಾಯಿಸುವುದು, ನೋಡಿಯೂ ನೋಡದಂತಿರುವುದು. ಧಾರವಾಡದ ಗೈಡು ಮೊನ್ನೆ ಅಧ್ಯಾಯವೊಂದನ್ನು ವಾಪಸ್ಸು ಕೊಡುತ್ತ ಹೇಳಿದ್ದರು: ‘ನೋಟ ಎಲ್ಲಾ ಸಿಕ್ಕಾವ ನಿಮಗ. ನೋಡೋ ಮಂದಿ ಎಲ್ಲಿ ಹ್ವಾದ್ರು?’

ಬೆಳಿಗ್ಗೆ ಕನ್ನೊಳ್ಳಿಯ ಮನೆಯಲ್ಲಿ ತಾಯಿ ಸುಂದರವ್ವ ರೊಟ್ಟಿ ಹಾಕುತ್ತ ಅವನ ತಟ್ಟೆಯನ್ನು ಕೈಯಿಂದ ತಡವಿ ಹುಡುಕಿದ್ದಳು. ‘ಎರಡೂ ಕಣ್ಣಿಗೆ ಪೊರಿ ಬಂದೈತಿ’ ಎಂದಿದ್ದಳು. ‘ಸೊಸಿ ಮಾರಿ ಕಾಣಬೇಕಂದ್ರ ಲಗೂ ಮಾಡ್ರಿ. ಇಲ್ಲಂದ್ರ ಆಮ್ಯಾಲೆ ಮುಟ್ಟಿ ನೋಡತೇನಿ, ಆಕೀಗೆ ಸಿಟ್ಟ ಬಂದೀತು.’

ಅವನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ಇವತ್ತಿನವಳು ಯಾರಾದರೂ ಇರಲಿ, ಹೂಂ ಅನ್ನುವುದು. ಹೋದ ತಿಂಗಳು ಜ್ವರ ಬಂದು ಸಿಂದಗಿಯ ಬಾಡಿಗೆ ಕೋಣೆಯಲ್ಲಿ ಒಂದು ವಾರ ಬಿದ್ದಿದ್ದ. ಎದ್ದು ಕಾಲೇಜಿಗೆ ಹೋದರೆ ಯಾರೂ ಎಲ್ಲಿದ್ದಿರಿ ಎಂದು ಕೇಳಲಿಲ್ಲ. ‘ನಿನ್ನೆ ಮಾತಾಡಿದ್ವಲ್ಲ ಸರ್, ಅದs’ ಎಂದು ಸಹೋದ್ಯೋಗಿಯೊಬ್ಬ ಮಾತು ಮುಂದುವರಿಸಿದ್ದ. ಆ ಹೊತ್ತು ಅವನಿಗೆ ಹೆದರಿಕೆಯಾಯಿತು. ಒಂದು ಮನೆಯಲ್ಲಿ ಒಬ್ಬಳು ಇದ್ದು, ಇವನು ಬಂದ, ಇವನು ಬರಲಿಲ್ಲ ಎಂದಾದರೂ ನೋಡಬೇಕು.

ತೀರ್ಮಾನಿಸಿದ ಮೇಲೆ ಮೈ ಹಗುರಾಗಿತ್ತು. ಇನ್ನು ನೋಡುವ ಕೆಲಸವಿರಲಿಲ್ಲ.

ಬಾಗೇವಾಡಿ ದಾಟಿದ ಮೇಲೆ ಜೀಪು ಎಡಕ್ಕೆ ಹೊರಳಿತು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಸರಕಾರ ಕಟ್ಟಿಕೊಟ್ಟ ಹೊಸ ಊರು. ಗೆರೆ ಹೊಡೆದಂಥ ಓಣಿಗಳು, ಒಂದೇ ಅಚ್ಚಿನ ಮನೆಗಳು, ನೆರಳು ಕೊಡಲು ಇನ್ನೂ ವಯಸ್ಸಾಗದ ಬೇವಿನ ಸಸಿಗಳು.

‘ಇಲ್ಲಿ ಕುಡದ ಬಂದವ್ರು ತಮ್ಮ ಮನಿ ಹೆಂಗ ಹುಡುಕ್ತಾರ್ರಿ?’ ಎಂದ ನಬಿಲಾಲ.

‘ಹೇಂತಿ ಬೈದ ಮನೀನ ತಮ್ಮದು ಅಂತ ತಿಳಕೋತಾರ’ ಎಂದ ಧೂಳಪ್ಪ.

‘ಎಲ್ಲಾ ಮನ್ಯಾಗೂ ಬೈತಾರಲ್ರಿ.’

ಹುಡುಗಿಯ ತಂದೆ ಅಮಸಿದ್ದ ಬಾಗಿಲಲ್ಲಿ ನಿಂತಿದ್ದ. ಬೋಳುತಲೆಯ, ಬಾಗಿದ ಮನುಷ್ಯ. ‘ಬರ್ರಿ, ಬರ್ರಿ’ ಎಂದು ಧೂಳಪ್ಪನ ಕೈ ಹಿಡಿದವನು ಯಲ್ಲಾಲಿಂಗನ ಮುಖದ ಮೇಲೆ ಕಣ್ಣು ನಿಲ್ಲಿಸಿದ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ ಚಟ್ಟನೆ ತೆಗೆದ. ಪರೀಕ್ಷೆಯ ನೋಟ ಎಂದುಕೊಂಡ ಯಲ್ಲಾಲಿಂಗ. ಹೆಣ್ಣಿನ ತಂದೆಯರದು ಎಲ್ಲ ದೇಶದಲ್ಲೂ ಒಂದೇ.

ಒಳಗೆ ಜಮಖಾನೆ ಹಾಸಿತ್ತು. ಉಪ್ಪಿಟ್ಟು ಬಂತು, ಶಿರಾ ಬಂತು. ಅಮಸಿದ್ದನ ತಂಗಿ ದುರ್ಗವ್ವ ಅಡುಗೆಮನೆ ಬಾಗಿಲಲ್ಲಿ ಕೂತು ಬಂದವರ ಕೈ ಎಷ್ಟು ಸಲ ಶಿರಾದ ಕಡೆ ಹೋಗುತ್ತದೆಂದು ನೋಡುತ್ತಿದ್ದಳು. ಹುಡುಗಿ ಚಹಾ ತಂದಳು. ಸ್ಟೀಲಿನ ಲೋಟ, ಹಸಿರು ಬಳೆ, ಬೆರಳಿನ ಉಗುರು ಕಂಡವು. ಮಾವ ಮೊಣಕಾಲಿನಿಂದ ತಿವಿದ. ಯಲ್ಲಾಲಿಂಗ ತಲೆ ಎತ್ತಿ ನೋಡಿದ.

ಮುಖವಿತ್ತು. ಎರಡು ಕಣ್ಣು, ಮೂಗು. ಬೇಡ ಅನ್ನಲು ಏನೂ ಇರಲಿಲ್ಲ. ಅಷ್ಟು ಸಾಕಾಗಿತ್ತು.

‘ಹೆಸರೇನವಾ?’ ಎಂದ ಧೂಳಪ್ಪ.

‘ಕಾವೇರಿ.’

‘ಹೊಳಿ ದಂಡಿಯವ್ರು, ಹೊಳಿ ಹೆಸರು. ಖರೆ ಬ್ಯಾರೆ ಹೊಳಿ. ಏನ್ ಓದೀದಿ?’

‘ಬಿ.ಎ. ಮುದ್ದೇಬಿಹಾಳದಾಗ. ಈಗ ಅಂಗನವಾಡಿ ಟೀಚರ್ ಅದೇನಿ.’

‘ನಮ್ಮ ಹುಡುಗನೂ ಮಾಸ್ತರ. ಆದ್ರ ನಿನ್ನ ಸಾಲಿ ಹುಡುಗರು ಮಾತ ಕೇಳತಾವ, ಇವನವು ಕೇಳೂದಿಲ್ಲ.’ ಧೂಳಪ್ಪ ತಾನೇ ನಕ್ಕು ಅಮಸಿದ್ದನ ಕಡೆ ತಿರುಗಿದ. ‘ಓದಿದ ಮಂದಿ. ನಮ್ಮ ಮುಂದ ಮೂಕರ ಹಂಗ ಕುಂದರತಾರ. ಹಿತ್ತಲದಾಗ ಹೋಗಿ ಎರಡ ಮಾತ ಆಡಲಿ, ಏನಂತೀರಿ?’

ಅಮಸಿದ್ದ ತಂಗಿಯ ಕಡೆ ನೋಡಿದ. ದುರ್ಗವ್ವ ‘ಹೋಗವಾ’ ಎಂದಳು.

ಹಿತ್ತಲೆಂದರೆ ಸಿಮೆಂಟಿನ ತೊಟ್ಟಿ, ನೀರು ಬಾರದ ನಳ. ಕಂಪೌಂಡಿಗೆ ಒರಗಿಸಿ ಹಳೆಯ ತೊಲೆಗಳನ್ನೂ ಒಂದು ಬಾಗಿಲ ಚೌಕಟ್ಟನ್ನೂ ಇಟ್ಟಿದ್ದರು. ಮುಳುಗುವ ಮೊದಲು ಹಳೆಯ ಮನೆಯಿಂದ ಕಿತ್ತು ತಂದದ್ದು. ಹೊಸ ಮನೆಗೆ ಆ ಅಳತೆ ಹೊಂದಿರಲಿಲ್ಲ. ಚೌಕಟ್ಟಿನೊಳಗೆ ಬರೀ ಗೋಡೆ ಕಾಣುತ್ತಿತ್ತು. ಕಾವೇರಿ ಅದರ ಪಕ್ಕ ನಿಂತಳು.

‘ಗುರುತ ಹತ್ತಲಿಲ್ಲೇನ್ರಿ?’

‘ಯಾರದು?’

‘ನನ್ನದು ಬಿಡ್ರಿ. ಈ ಬಾಗಲದ್ದರೆ?’

ಅವನು ಚೌಕಟ್ಟು ನೋಡಿದ. ತೇಗದ್ದು. ಮೇಲೆ ಎರಡು ಗಿಳಿ ಕೆತ್ತಿತ್ತು, ಒಂದರ ಕೊಕ್ಕು ಮುರಿದಿತ್ತು.

‘ಒಳಗ ಬರಾಗ ಇದಕ್ಕ ಹಣಿ ಬಡಕೊಂಡಿದ್ರಿ’ ಎಂದಳು. ‘ನಮ್ಮ ದುರ್ಗವ್ವತ್ತಿ ಅರಿಷಿಣ ಹಚ್ಚಿದ್ಲು.’

ಅವನ ಕೈ ತಾನಾಗಿ ಹಣೆಗೆ ಹೋಯಿತು. ‘ನೀವು ಬ್ಯಾರೆ ಯಾರನ್ನೋ...’

‘ಐದ ವರ್ಷ ಆತು. ಹಳೆ ಊರಾಗ. ನಿಮ್ಮ ಅಪ್ಪಾರ ಜೋಡಿ ಬಂದಿದ್ರಿ. ನೋಡಿ ತಿಳಸ್ತೇವಿ ಅಂದು ಹ್ವಾದ್ರಿ.’

ತಂದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದರ ಹಿಂದಿನ ಬೇಸಿಗೆಯಲ್ಲಿ ತಂದೆ ಅವನನ್ನು ಬಸ್ಸಿನಿಂದ ಬಸ್ಸಿಗೆ ಹತ್ತಿಸಿ ಇಂಡಿ, ಮುದ್ದೇಬಿಹಾಳ, ನಿಡಗುಂದಿ ಎಂದು ತಿರುಗಿಸಿದ್ದ. ಅವನ ಜೇಬಿನಲ್ಲಿ ಕಾದಂಬರಿ ಇರುತ್ತಿತ್ತು. ಬಸ್ಸಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಆ ಹೆಣ್ಣುಗಳೆಲ್ಲ ಒಂದೇ ಚಹಾದ ಲೋಟವಾಗಿ ಕೂಡಿಹೋಗಿದ್ದವು.

‘ಆಗ ಮನಿ ಬ್ಯಾರೆ ಇತ್ತು’ ಎಂದ.

‘ಮನಿ ಬ್ಯಾರೆ ಇತ್ರಿ. ಅಪ್ಪಗ ತಲಿಮ್ಯಾಲೆ ರುಮಾಲ ಇತ್ತು. ನಾ ಆಕೀನ.’

‘ನಿಮ್ಮ ಅಪ್ಪಾರು ಹೇಳಲಿಲ್ಲ.’

‘ನಿಮ್ಮ ಹೆಸರ ಕೇಳಿದ ಕೂಡ್ಲೆ ಅಪ್ಪಗ ಗೊತ್ತಾತು. ಗುರುತ ಹಿಡದ್ರ ಎದ್ದ ಹೋಗತಾನ, ಹಿಡೀಲಿಲ್ಲಂದ್ರ ಒಪ್ಕೋತಾನ, ಸುಮ್ಮಿರು ಅಂದ.’

ಬಾಗಿಲಲ್ಲಿ ಅಮಸಿದ್ದ ನಿಲ್ಲಿಸಿದ ಆ ನೋಟವನ್ನು ಅವನು ತಪ್ಪು ಗುಂಪಿಗೆ ಹಾಕಿದ್ದ. ಅದು ಪರೀಕ್ಷೆಯಲ್ಲ, ಅಂಜಿಕೆ.

‘ಒಂದ ಕೇಳತೇನಿ’ ಎಂದಳು. ದನಿ ಏರಲಿಲ್ಲ. ‘ಅವತ್ತ ಏನ ನೋಡಿದ್ರಿ? ಒಂದ ಹೇಳ್ರಿ. ಒಂದ ಹೇಳಿದ್ರ ಸಾಕು.’

ಅವನು ಹುಡುಕಿದ. ಕಾದಂಬರಿಯ ಯಾವ ಅಧ್ಯಾಯದಲ್ಲಿ ಯಾರು ಯಾರ ಕಡೆ ಯಾವ ಕಿಟಕಿಯಿಂದ ನೋಡಿದರೆಂದು ನಿದ್ದೆಯಲ್ಲೂ ಹೇಳಬಲ್ಲ. ಸೀರೆಯ ಬಣ್ಣ ಬರಲಿಲ್ಲ. ದನಿ ಬರಲಿಲ್ಲ. ಆಮೇಲೆ, ಎಲ್ಲೋ ಹಿಂದಿನಿಂದ, ಕೆಂಪು ಬಂತು.

‘ಗ್ವಾಡಿ ಮ್ಯಾಲೆ ಕೆಂಪ ಬಣ್ಣದ ಗೆರಿ ಇತ್ತು’ ಎಂದ. ಹೇಳುತ್ತಿದ್ದಂತೆ ಅವನ ಮುಖ ಅರಳಿತು. ‘ಅಡ್ಡಗೆರಿ. ಬಣ್ಣ ಸೋರಿ ಕೆಳಗ ಇಳದಿತ್ತು. ಏನಿದು ಅಂತ ನಾನs ಕೇಳಿದೆ. ಮುಳುಗಡಿ ಗುರುತು, ಸರ್ವೇದವರು ಹೊಡದ ಹೋಗ್ಯಾರ, ನೀರು ಇಲ್ಲೀತನಕ ಬರತೈತಿ ಅಂತ ನಿಮ್ಮ ಅಪ್ಪಾರು ಹೇಳಿದ್ರು. ನಾ ಬಾಳ ಹೊತ್ತು ಅದನ್ನ ನೋಡಿದೆ.’

‘ಹೌದು’ ಎಂದಳು ಕಾವೇರಿ. ‘ನಾ ಅದರ ಕೆಳಗs ಕುಂತಿದ್ದೆ.’

ಪಕ್ಕದ ಮನೆಯಲ್ಲಿ ಯಾರೋ ಕೊಡ ಇಟ್ಟ ಸದ್ದಾಯಿತು. ಯಲ್ಲಾಲಿಂಗ ನಳದ ಕಡೆ ನೋಡಿದ.

‘ಒಳಗ ಹೋಗಿ ಬ್ಯಾಡ ಅನ್ರಿ.’

‘ನೀವs ಅನ್ನಬಹುದಲ್ಲ.’

‘ಅಂದೇನಿ. ಮೂರ ದಿನದಿಂದ ಅನ್ನಾಕತ್ತೇನಿ. ಈ ಮನ್ಯಾಗ ನನ್ನ ಮಾತು ಯಾರಿಗೂ ಕೇಳಸೂದಿಲ್ಲ. ನಿಮ್ಮದು ಕೇಳಸತೈತಿ. ನಿಮಗ ರೂಢಿನೂ ಐತಿ.’

‘ನಾ ಇವತ್ತ ಒಪ್ಪಬೇಕಂತ ಬಂದೇನಿ.’

‘ಯಾರನ್ನ?’

ಅವನು ಕೊಕ್ಕು ಮುರಿದ ಗಿಳಿಯ ಕಡೆ ತಿರುಗಿದ.

‘ಇನ್ನ ಐದ ವರ್ಷ ಬಿಟ್ಟು’ ಎಂದಳು, ‘ನಿಮ್ಮ ಮನ್ಯಾಗ ನಾ ಚಾ ತಂದ ಇಟ್ರ, ಯಾರ ಬೇಕಾಗಿತ್ರಿ ಅಂತೀರಿ. ನಾ ಏನ ಹೇಳಲಿ?’

ಅವಳು ನಗಲಿಲ್ಲ. ನಕ್ಕಿದ್ದರೆ ಅವನೂ ನಗಬಹುದಾಗಿತ್ತು.

‘ನೋಡ್ತೇನಿ’ ಎಂದ ಯಲ್ಲಾಲಿಂಗ.

ಬಾಯಿಂದ ಬಿದ್ದ ಮೇಲೆ, ಅದು ಐದು ವರ್ಷದ ಹಿಂದಿನದೇ ಮಾತೆಂದು ಅವನಿಗೇ ಕೇಳಿಸಿತು. ಕಾವೇರಿ ಅವನನ್ನು ದಾಟಿ ಒಳಗೆ ಹೋದಳು.

ಒಳಗೆ ಎಲ್ಲ ಮುಗಿದು ಸಂಬಂಧ ಗಟ್ಟಿಯಾಗಿತ್ತು. ಧೂಳಪ್ಪನ ಹಣೆಯ ಮೇಲೆ ಆಗಲೇ ಕುಂಕುಮವಿತ್ತು. ‘ಬಾರೋ’ ಎಂದ. ‘ಇಷ್ಟ ಹೊತ್ತು ಮಾತಾಡ್ಯಾನಂದ್ರ ಮುಗೀತು. ಇವ ತನ್ನ ಅವ್ವನ ಜೋಡಿನೂ ಇಷ್ಟ ಮಾತಾಡೂದಿಲ್ಲ.’

‘ಮಾವಾ, ಒಂದ ಮಾತು...’

ತೆರೆದ ಬಾಯಿಗೆ ದುರ್ಗವ್ವ ಸಕ್ಕರೆ ಹಾಕಿದಳು. ಹಿಡಿ ತುಂಬ ಹಾಕಿದಳು. ನೀರು ಹನಿಸಿ ಕಲಸಿದ ಕುಂಕುಮವನ್ನು ಹೆಬ್ಬೆರಳಿಗೆ ತೆಗೆದುಕೊಂಡು ಹಣೆಯ ಮೇಲೆ ಈ ತುದಿಯಿಂದ ಆ ತುದಿಗೆ ಅಡ್ಡಕ್ಕೆ ಎಳೆದಳು. ‘ಈ ಹಣಿ ನನಗ ಗುರ್ತೈತಿ’ ಎಂದು ಅವನಿಗಷ್ಟೇ ಕೇಳುವಂತೆ ಹೇಳಿದಳು.

ಸಕ್ಕರೆ ಹಲ್ಲಿನ ಸಂದಿಯಲ್ಲಿ ಕರಕರ ಎಂದಿತು. ಅದು ಕರಗುವ ತನಕ ಮಾತಾಡುವಂತಿರಲಿಲ್ಲ. ಅವನು ಅಡುಗೆಮನೆ ಬಾಗಿಲ ಕಡೆ ನೋಡಿದ. ಕಾವೇರಿ ನಿಂತಿದ್ದಳು. ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ತುಸು ಮೇಲಿತ್ತು. ಗದ್ದದ ಕೆಳಗೆ ಹಳೆಯ ಸುಟ್ಟ ಕಲೆ. ಮೂಗಿನ ಪಕ್ಕ ಬೆವರಿನ ಒಂದು ಹನಿ ಇಳಿಯಲೋ ಬೇಡವೋ ಎಂದು ನಿಂತಿತ್ತು. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದಿದ್ದಳು, ನೋಯುವಷ್ಟು. ಅವನು ಅವಳನ್ನು ಕಂಡ. ಪುಸ್ತಕದಲ್ಲಾದರೆ ಇದು ಕೊನೆಯ ಅಧ್ಯಾಯಗಳ ಹೊತ್ತು. ಎಲ್ಲರೂ ನಗಬೇಕು.

ಅವಳು ಅವನ ಕಣ್ಣು ನೋಡುತ್ತಿರಲಿಲ್ಲ. ಅವನ ಬಾಯಿ ನೋಡುತ್ತಿದ್ದಳು.

ಸಕ್ಕರೆ ಕರಗಿತು. ಬಾಯಿ ಖಾಲಿಯಾಯಿತು. ಮಾತಾಡಬಹುದಾಗಿತ್ತು. ಬೇಡ ಎಂದರೆ ಸಿಂದಗಿಯ ಕೋಣೆ, ಗೋಡೆಯ ಕಡೆ ಮುಖಮಾಡಿ ಉಣ್ಣುವುದು. ಸುಮ್ಮನಿದ್ದರೆ ಇವಳು, ಜೀವಮಾನವಿಡೀ, ಇವನಿಗೆ ಏನು ಕಾಣುವುದಿಲ್ಲ ಎಂಬುದನ್ನು ಬಲ್ಲವಳು. ಅಮಸಿದ್ದ ಎರಡೂ ಕೈ ಜೋಡಿಸಿ ನಿಂತಿದ್ದ.

‘ಹೋಗೂಣು ಮಾವಾ’ ಎಂದ ಯಲ್ಲಾಲಿಂಗ. ‘ಹೊತ್ತಾತು.’

ಬಾಗಿಲ ಕಡೆ ಕೆಳತುಟಿ ಹಲ್ಲಿನಿಂದ ಬಿಡುಗಡೆಯಾಯಿತು. ಆಮೇಲೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಜೀಪು ಒಂದೇ ಅಚ್ಚಿನ ಮನೆಗಳನ್ನು ದಾಟಿತು. ಓಣಿಯ ಕೊನೆಯಲ್ಲಿ ಅವನು ‘ನಿಲ್ಸು’ ಎಂದ. ನಬಿಲಾಲ ಬ್ರೇಕು ಹಾಕಿದ.

‘ಏನರ ಮರತಿ ಏನು?’ ಎಂದ ಧೂಳಪ್ಪ.

ಅವನು ಹಿಂದಕ್ಕೆ ನೋಡಿದ. ಸಾಲು ಮನೆ. ಯಾವುದು ಅವಳದು ಎಂದು ತಿಳಿಯಲಿಲ್ಲ.

‘ಏನಿಲ್ಲ.’

‘ಮತ್ತ್ಯಾಕ ನಿಲ್ಸಂದಿ?’

‘ಏನಿಲ್ಲ. ನಡಿ.’

ಬಿಸಿಲು ಎದುರಿಗಿತ್ತು. ಬೆವರು ಹಣೆಯಿಂದ ಇಳಿಯಿತು. ಒರೆಸಲು ಕರವಸ್ತ್ರ ತೆಗೆದಾಗ ಧೂಳಪ್ಪ ಕೈ ಹಿಡಿದ. ‘ಒರಸಬ್ಯಾಡೋ. ಹಂಗs ಇರಲಿ, ನಿಮ್ಮವ್ವಗ ಕಾಣಲಿ. ಇಷ್ಟ ದಪ್ಪ ಇದ್ರ ಆಕೀಗೂ ಕಾಣತೈತಿ.’

ಅವನು ಕರವಸ್ತ್ರ ಮಡಚಿ ಇಟ್ಟುಕೊಂಡ. ರಸ್ತೆಯ ತಗ್ಗಿಗೆ ಜೀಪು ಕುಲುಕಿ ಕನ್ನಡಿ ಅವನ ಕಡೆ ವಾಲಿತು. ನಬಿಲಾಲ ಸರಿಮಾಡಲಿಲ್ಲ. ಕನ್ನಡಿಯಲ್ಲಿ ಒಂದು ಕೆಂಪು ಅಡ್ಡಗೆರೆ ಇತ್ತು. ಬಣ್ಣ ಸೋರಿ ಕೆಳಗೆ ಇಳಿದಿತ್ತು.

ಗೆರೆಯ ಕೆಳಗೆ ಎರಡು ಕಣ್ಣಿದ್ದವು.